ಪ್ರೊಯೆಕ್ತೆಯ ಪ್ರಸಾಧನಕರಂಡ

ಬೆಳ್ಳಿಯ ಪ್ರಸಾಧನಸಾಮಗ್ರಿಗಳನ್ನು ಸಂಗ್ರಹಿಸುವವರು ಬಿಡಿಯಾದ ಕೈಗನ್ನಡಿಗಿಂತಲೂ ಬಿಡಿಯಾದ ಸುಗಂಧದ ಭರಣಿಗಿಂತಲೂ ಕೂಡಿ ಉಳಿದ ಸಾಮಗ್ರಿಗೇ ಹೆಚ್ಚಿನ ಬೆಲೆ ಕಟ್ಟುವರು. ಇದಕ್ಕೆ ಕಾರಣವುಂಟು. ಬೆಳ್ಳಿಯು ಒಡವೆಯೂ ಹೌದು, ಹಣವೂ ಹೌದು. ಮನೆತನಕ್ಕೆ ಕಷ್ಟ ಬಂದಾಗ ಮೊದಲು ಕರಗುವುದು ಅದೇ. ಕನ್ನಡಿ ಒಬ್ಬ ಮಗಳಿಗೂ ಪೆಟ್ಟಿಗೆ ಇನ್ನೊಬ್ಬಳಿಗೂ ಹಂಚಿಹೋಗಿ, ಉಳಿದುದು ಅಕ್ಕಸಾಲೆಯ ಮೂಸೆಗೆ ಬೀಳುವುದು ಎಲ್ಲ ದೇಶಗಳಲ್ಲಿಯೂ ನಡೆದುಬಂದ ವಾಡಿಕೆ. ಹೀಗಿರುವಲ್ಲಿ ಸುಮಾರು 1,600 ವರ್ಷಗಳಷ್ಟು ಹಿಂದೆ ರೋಮ್ ನಗರದ ಕುಲಸ್ತ್ರೀಯೊಬ್ಬಳಿಗಾಗಿ ಮಾಡಿದ ಪ್ರಸಾಧನಕರಂಡವೊಂದು, ಅವಳ ಹೆಸರನ್ನೂ ಹೊತ್ತು, ಜೊತೆಯ ಸಾಮಗ್ರಿಗಳೊಡನೆ ಉಳಿದುಬಂದಿರುವುದು ಅಪೂರ್ವವಾದ ಸಂಗತಿಯೇ ಸರಿ. ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿರುವ ಈ ಕರಂಡವನ್ನು ಕುರಿತು ವಿದ್ವಾಂಸರಲ್ಲಿ ನಡೆದಿರುವ ವಾದವು ಬರಿಯ ಬೆಳ್ಳಿಯ ವಾದವಲ್ಲ. ಒಂದು ವಸ್ತುವನ್ನೂ ಒಂದು ಪದ್ಯವನ್ನೂ ಕೂಡಿಸಿ ಓದಬಹುದೇ, ಓದುವುದಾದರೆ ಎಷ್ಟರ ಮಟ್ಟಿಗೆ, ಎಂಬ ಪ್ರಶ್ನೆ ಅದರಲ್ಲಿ ಅಡಗಿದೆ.

ಕ್ರಿ. ಶ. 1793ರಲ್ಲಿ ರೋಮಿನ ಎಸ್ಕ್ವಿಲೀನ್ ಗುಡ್ಡದ ಬಳಿ, ಸಂನ್ಯಾಸಿನಿಯರ ಮಠವೊಂದರ ನೆಲವನ್ನು ಅಗೆಯುತ್ತಿದ್ದಾಗ ಬೆಳ್ಳಿಯ ನಿಧಿಯೊಂದು ದೊರೆಯಿತು. ಅದೇ ವರ್ಷ ಎನ್ನಿಯೋ ಕ್ವಿರೀನೋ ವಿಸ್ಕೊಂತಿ ಎಂಬ ಪ್ರಾಚೀನವಸ್ತುಜ್ಞನು ಅದನ್ನು ವರ್ಣಿಸಿ ಪತ್ರರೂಪವಾದ ಪ್ರಬಂಧವನ್ನು ಪ್ರಕಟಿಸಿದನು. ನಿಧಿಯಲ್ಲಿ ಎರಡು ಕರಂಡಗಳಿದ್ದುವು, ಊಟದ ತಟ್ಟೆಗಳಿದ್ದುವು, ಕುದುರೆಯ ಸಾಜುಗಳಿದ್ದುವು, ರೋಮ್, ಕಾನ್‌ಸ್ಟಾಂಟಿನೋಪಲ್, ಅಂತಿಯೋಕ್, ಅಲೆಕ್ಸಾಂಡ್ರಿಯ ಎಂಬ ನಾಲ್ಕು ಮಹಾನಗರಗಳ ಅಧಿದೇವತೆಗಳ ರೂಪದಲ್ಲಿ ಎರಕಹೊಯ್ದ ಪೀಠಾಲಂಕಾರಗಳಿದ್ದುವು. ತಟ್ಟೆಗಳ ಮೇಲೆ ಹೆಣೆದ ಅಕ್ಷರಗಳ ಮುದ್ರೆಯಿದ್ದು, ಅದನ್ನು ಬಿಡಿಸಿದರೆ ಪ್ರೊಯೆಕ್ತೆ, ತುರ್ಕಿಯಸ್ ಎಂಬ ಎರಡು ಹೆಸರುಗಳು ದೊರೆಯುವುವು.

ಎರಡು ಕರಂಡಗಳಲ್ಲಿ ದೊಡ್ಡದಾದುದು ಉದ್ದದಲ್ಲಿ ಸುಮಾರು 22 ಅಂಗುಲ, ಅಗಲದಲ್ಲಿ 17 ಅಂಗುಲ, ಎತ್ತರದಲ್ಲಿ 11 ಅಂಗುಲ. ಎರಡು ಮೊಟಕು ಗೋಪುರಗಳನ್ನು ಬಾಯಿಗೆ ಬಾಯಿ ಸೇರಿಸಿ ಇಟ್ಟಂತೆ ಅದರ ಆಕಾರ. ಮೇಲಿನ ಗೋಪುರವೇ ಮುಚ್ಚಳ. ಎರಡು ಪಕ್ಕಗಳಲ್ಲಿ ಹಿಡಿಕೆಗಳಿರುವುದರಿಂದ ಇದನ್ನು ಇಬ್ಬರು ಆಳುಗಳು ಹೊತ್ತು ಸಾಗಿಸಬಹುದಾಗಿತ್ತು. ಬೆಳ್ಳಿಯ ತಗಡನ್ನು ಒಳಗಿನಿಂದ ಬಡಿದು ಉಬ್ಬಿಸಿ ಚಿತ್ರಗಳನ್ನು ಎಬ್ಬಿಸಿ, ಅಲ್ಲಲ್ಲಿ ಚಿನ್ನದ ಮುಲಾಮು ಕೊಟ್ಟಿರುವರು. ಮುಚ್ಚಳದ ನೆತ್ತಿಯಲ್ಲಿ ಮನ್ಮಥಶಿಶುಗಳಿಬ್ಬರು ಎತ್ತಿ ಹಿಡಿದ ಮಾಲೆಯೊಳಗೆ ದಂಪತಿಗಳ ಎದೆಯುದ್ದದ ರೂಪಗಳಿವೆ. ಹೆಂಡತಿಯ ಕೈಯಲ್ಲಿರುವುದು ಕನ್ನಡಿಯಲ್ಲ, ಹೂವೂ ಅಲ್ಲ, ಗ್ರಂಥದ ಸುರುಳಿ. ಮುಚ್ಚಳದ ಮುಂದಿನ ಇಳಿಜಾರಿನಲ್ಲಿ ವೀನಸ್ ದೇವಿಯು ಚಿಪ್ಪಿನ ಮೇಲೆ ಕುಳಿತು ತಲೆಗೂದಲನ್ನು ತಿದ್ದಿಕೊಳ್ಳುತ್ತಿರುವಳು. ಮೇಲೆ ಮನುಷ್ಯರಾಗಿ ಕೆಳಗೆ ಮೀನಿನ ಬಾಲವುಳ್ಳ ಸಮುದ್ರಜೀವಿಗಳಿಬ್ಬರು ಆ ಚಿಪ್ಪನ್ನು ಹೊತ್ತಿರುವರು. ಅವರಲ್ಲೊಬ್ಬನು ದೇವಿಯ ಮುಖಕ್ಕೆ ಕನ್ನಡಿ ಹಿಡಿದಿರುವನು. ಎರಡು ಪಕ್ಕಗಳಲ್ಲಿ ಕಡಲಕನ್ಯೆಯರು ಜಲಚರಗಳನ್ನೇರಿ ಬರುತ್ತಿರುವರು. ಹಿಂದಿನ ಇಳಿಜಾರಿನಲ್ಲಿ ಮಾತ್ರ ಪುರಾಣವಿಲ್ಲ: ಗೃಹಿಣಿಯು ಪರಿವಾರದೊಡನೆ ಗುಮ್ಮಟಗಳುಳ್ಳ ಸ್ನಾನಗೃಹಕ್ಕೆ ನಡೆಯುವ ದೃಶ್ಯ.

ಪೆಟ್ಟಿಗೆಯ ಕೆಳಭಾಗದ ಸುತ್ತಲೂ ಕಂಬಗಳ ಮೇಲೆ ಕಮಾನುಗಳು. ಮುಂದಿನ ನಡುಗಮಾನಿನಲ್ಲಿ ಅದೇ ಗೃಹಿಣಿ ಕುಳಿತು, ಒಂದು ಕೈಯಿಂದ ಕೂದಲಿಗೆ ಸೂಜಿ ಸಿಕ್ಕಿಸುತ್ತ ಇನ್ನೊಂದು ಕೈಯಲ್ಲಿ ಚಿಕ್ಕ ಭರಣಿಯನ್ನು ಹಿಡಿದಿರುವಳು. ಇಕ್ಕೆಲದ ದಾಸಿಯರಲ್ಲಿ ಒಬ್ಬಳು ಕನ್ನಡಿಯನ್ನು ಹಿಡಿದಿರುವಳು, ಮತ್ತೊಬ್ಬಳು ಪೆಟ್ಟಿಗೆಯನ್ನು ಹಿಡಿದಿರುವಳು. ಉಳಿದ ಕಮಾನುಗಳಲ್ಲಿ ಹೂಜಿ, ದೀಪಸ್ತಂಭ, ಕರಂಡ ಮೊದಲಾದುವನ್ನು ಹೊತ್ತ ಪರಿಚಾರಕರು. ಮೇಲಿನ ವೀನಸ್ಸಿನ ಭಂಗಿಯೂ ಕೆಳಗಿನ ಗೃಹಿಣಿಯ ಭಂಗಿಯೂ ಒಂದೇ ಎಂಬುದು ನೋಡಿದೊಡನೆ ತಿಳಿಯುತ್ತದೆ. ಬೇಲೂರಿನ ದರ್ಪಣಸುಂದರಿಯು ತನ್ನ ಕನ್ನಡಿಯನ್ನು ತಾನೇ ಹಿಡಿದಿರುವಳು. ರೋಮಿನ ಶ್ರೀಮಂತೆಗೆ ಕನ್ನಡಿಯನ್ನು ಇನ್ನೊಬ್ಬರು ಹಿಡಿಯಬೇಕು. ಅಲ್ಲಿ ಶೃಂಗಾರವು ಏಕಾಂತದ ಕೆಲಸವಲ್ಲ, ದಾಸದಾಸಿಯರ ಮುಂದೆ ನಡೆಯುವ ಒಂದು ಬಗೆಯ ಒಡ್ಡೋಲಗ.

ಆ ಕನ್ನಡಿ ಯಾವುದರದು? ಗಾಜಿನ ದರ್ಪಣಕ್ಕೆ ಪಳಗಿದ ಕಣ್ಣು ಇಲ್ಲಿ ಸುಲಭವಾಗಿ ಮೋಸಹೋಗುವುದು. ಕ್ರಿ. ಶ. 79ರಲ್ಲಿ ತೀರಿಕೊಂಡ ಹಿರಿಯ ಪ್ಲಿನಿಯು, ಮೊದಲು ಬ್ರುಂಡೀಸಿಯಮ್ ಪಟ್ಟಣದಲ್ಲಿ ತವರ ತಾಮ್ರಗಳ ಬೆರಕೆಯಿಂದ ಮಾಡಿದ ಕನ್ನಡಿಗಳೇ ಶ್ರೇಷ್ಠವೆನಿಸಿದ್ದುವೆಂದೂ, ಆಮೇಲೆ ಬೆಳ್ಳಿಯ ಕನ್ನಡಿಗಳು ಅವನ್ನು ಹಿಂದೆ ಹಾಕಿದುವೆಂದೂ, ತನ್ನ ಕಾಲಕ್ಕೆ ದಾಸಿಯರೂ ಬೆಳ್ಳಿಯದನ್ನೇ ಬಳಸತೊಡಗಿದರೆಂದೂ ಹೇಳುವನು. ಈ ಕೊನೆಯ ಮಾತಿನಲ್ಲಿ ಹಳಬನ ಗೊಣಗು ಬೆರೆತಿರಬಹುದು. ಆದರೆ ಅವನನ್ನು ಬಲಿಗೊಂಡ ವೆಸೂವಿಯಸ್ಸಿನ ಬೂದಿಯೇ ಅವನ ಮಾತಿಗೆ ಸಾಕ್ಷಿಯನ್ನು ಕಾಪಾಡಿತು. 1895ರಲ್ಲಿ ಬೊಸ್ಕೊರಿಯಾಲೆಯಲ್ಲಿ ದೊರೆತು ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ ನಿಧಿಯಲ್ಲಿಯೂ, 1930ರಲ್ಲಿ ಪೊಂಪೆಯಿಯ ಮೆನಾಂಡರನ ಮನೆಯಲ್ಲಿ ದೊರೆತ 118 ಬೆಳ್ಳಿಯ ವಸ್ತುಗಳಲ್ಲಿಯೂ ಕೈಗನ್ನಡಿಗಳಿವೆ. ಇಂಥ ಕನ್ನಡಿಯ ಒಂದು ಮುಖ ನುಣ್ಣಗೆ ಉಜ್ಜಿದ ಬೆಳ್ಳಿ, ಹಿಂಬದಿಯಲ್ಲಿ ಚಿತ್ರ. ಉಜ್ಜುವುದನ್ನು ಬಿಟ್ಟರೆ ಅದು ಕಪ್ಪಾಗುವುದು. ದಿನದಿನವೂ ತಿಕ್ಕಿ ತೊಳೆಯುವ ಕೈಗಳಿಲ್ಲದ ಮನೆಯಲ್ಲಿ ಬೆಳ್ಳಿಯ ಕನ್ನಡಿಯಿಂದ ಪ್ರಯೋಜನವಿಲ್ಲ. ಆದುದರಿಂದ ಕರಂಡದ ಶಿಲ್ಪಿಯು ಕನ್ನಡಿಯನ್ನು ದಾಸಿಯ ಕೈಯಲ್ಲಿಟ್ಟುದು ಕೇವಲ ಅಲಂಕಾರಕ್ಕಾಗಿ ಅಲ್ಲ.

ಎರಡನೆಯ ಕರಂಡವು ದುಂಡಾಗಿ, ಗುಮ್ಮಟದಂಥ ಮುಚ್ಚಳವುಳ್ಳದ್ದಾಗಿ, ಸರಪಣಿಗಳಿಂದ ತೂಗುಹಾಕುವಂತಿದೆ. ಅದರ ಮೈಮೇಲೆ ಕಾವ್ಯಾದಿ ಕಲೆಗಳ ಅಧಿದೇವತೆಗಳಾದ ಮ್ಯೂಸ್‌ಗಳ ರೂಪಗಳು. ಮ್ಯೂಸ್‌ಗಳು ಒಂಬತ್ತು ಮಂದಿ. ಇಲ್ಲಿರುವವರು ಎಂಟು ಮಂದಿ. ನೆತ್ತಿಯ ಮೇಲೆ ಕುಳಿತಿರುವ ಹೆಂಗಸೊಬ್ಬಳಿರುವುದರಿಂದ, ಒಂಬತ್ತನೆಯವಳು ಈ ಪೆಟ್ಟಿಗೆಯ ಒಡತಿಯೇ ಎಂಬ ಚಾಟುವು ಶಿಲ್ಪಿಯ ಮನಸ್ಸಿನಲ್ಲಿತ್ತೆಂದು ಊಹಿಸುವುದು ಅಸಂಗತವಲ್ಲ. ಹೊರಗೆ ಇಷ್ಟು ವಿದ್ಯೆಯನ್ನು ಮೆರೆಸುವ ಈ ಪೆಟ್ಟಿಗೆಯ ಒಳಗೆ ಐದು ತೂತುಗಳ ಫಲಕವಿದ್ದು, ಅವುಗಳಲ್ಲಿ ಐದು ಬೆಳ್ಳಿಯ ಪಾತ್ರೆಗಳು ಕುಳಿತಿವೆ: ನಡುವೆ ಒಂದು ಕುಪ್ಪಿ, ಸುತ್ತಲೂ ನಾಲ್ಕು ಭರಣಿಗಳು. ತೈಲ, ಲೇಪ, ಸುಗಂಧಗಳಿಗೆ ಇವು ಮೀಸಲು. ಇಂಥದೇ ಗುಮ್ಮಟದ ಕರಂಡವೊಂದನ್ನು ಹೊತ್ತ ಪರಿಚಾರಿಕೆ ದೊಡ್ಡ ಕರಂಡದ ಚಿತ್ರಗಳಲ್ಲಿ ಕಾಣಬರುತ್ತಾಳೆ. ಒಂದು ಪೆಟ್ಟಿಗೆಯೇ ಇನ್ನೊಂದರ ಉಪಯೋಗಕ್ಕೆ ವ್ಯಾಖ್ಯಾನವಾಗಿರುವ ಉದಾಹರಣೆ ಪ್ರಾಚೀನ ವಸ್ತುಗಳಲ್ಲಿ ವಿರಳ.

ದೊಡ್ಡ ಕರಂಡದ ಮುಚ್ಚಳದ ಅಂಚಿನಲ್ಲಿ, ಮೇಲಿನ ವೀನಸ್ಸಿಗೂ ಕೆಳಗಿನ ಗೃಹಿಣಿಗೂ ನಡುವೆ, ಕ್ರಿಸ್ತನ ಹೆಸರಿನ ಸಂಕೇತಾಕ್ಷರದೊಡನೆ ಒಂದು ಲ್ಯಾಟಿನ್ ಬರಹವಿದೆ. ಸೆಕುಂದಸ್, ಪ್ರೊಯೆಕ್ತೆ ಎಂಬ ಇಬ್ಬರನ್ನು ಸಂಬೋಧಿಸಿ, ಕ್ರಿಸ್ತನಲ್ಲಿ ಬಾಳಿರೆಂದು ಹರಸುವುದು ಅದರ ತಾತ್ಪರ್ಯ. ವಿವಸ್ತ್ರೆಯಾದ ವೀನಸ್ಸಿನ ಕಾಲಡಿಯಲ್ಲಿ ಕ್ರೈಸ್ತ ಆಶೀರ್ವಾದ! ಇದನ್ನು ಕಂಡು ಬೆರಗಾದವರು ಹಲವರು. ಬೆರಗಿಗೆ ವಿಶೇಷ ಕಾರಣವಿಲ್ಲ. ನಾಲ್ಕನೆಯ ಶತಮಾನದ ಶ್ರೀಮಂತ ಕುಟುಂಬಗಳಿಗೆ ಹಳೆಯ ದೇವತೆಗಳು ಪೂಜೆಯಿಂದ ಜಾರಿ ಕಾವ್ಯದಲ್ಲಿ ನಿಂತಿದ್ದರು. ಕ್ರೈಸ್ತ ಚಕ್ರವರ್ತಿಯಾದ ಹೊನೋರಿಯಸ್ಸನಿಗೂ ಮರಿಯಳಿಗೂ 398ರಲ್ಲಿ ವಿವಾಹವಾದಾಗ ಕ್ಲಾಡಿಯನ್ ಕವಿಯು ಬರೆದ ಮಂಗಳಕಾವ್ಯದಲ್ಲಿ ವೀನಸ್ಸೇ ಸಖಿಯರಿಂದ ಶೃಂಗರಿಸಿಕೊಂಡು, ಕಡಲಿನ ಮೇಲೆ ಹೊರಟು ವಧುವಿನೆಡೆಗೆ ಬರುವಳು. ಕರಂಡದ ಮುಚ್ಚಳಕ್ಕೆ ಇದಕ್ಕಿಂತ ಹತ್ತಿರದ ಸಾಹಿತ್ಯಸಾಮ್ಯ ದೊರೆಯಲಾರದು. ಕರಂಡವನ್ನು ವಿವಾಹದ ಉಡುಗೊರೆಯೆಂದು ಹಲವರು ತಿಳಿದಿರುವುದಕ್ಕೆ ಇದೂ ಒಂದು ಆಧಾರ. ಹರಕೆಯ ಮಾತು ಮಾತ್ರ ವಿವಾಹಕ್ಕೇ ಮೀಸಲಾದುದಲ್ಲ, ಬೇರೆ ಸಂದರ್ಭಗಳಲ್ಲಿಯೂ ಬಳಕೆಯಲ್ಲಿತ್ತು.

ನಿಧಿಯು ಶೆಲ್ಲರ್ಸ್‌ಹೈಮ್ ಎಂಬ ಜರ್ಮನ್ ಸರದಾರನ ಕೈಸೇರಿ, ಅಲ್ಲಿಂದ ಫ್ರಾನ್ಸಿನ ಬ್ಲಾಕಾಸ್ ಪ್ರಭುವಿನ ಸಂಗ್ರಹಕ್ಕೆ ಹೋಗಿ, ಆ ಸಂಗ್ರಹದೊಡನೆ 1866ರಲ್ಲಿ ಬ್ರಿಟಿಷ್ ವಸ್ತುಸಂಗ್ರಹಾಲಯಕ್ಕೆ ಮಾರಾಟವಾಯಿತು. ಹೀಗೆ ಕೈಯಿಂದ ಕೈಗೆ ಹೋಗುವಾಗ ಸಂಗ್ರಾಹಕನ ಬೇರೆ ಬೆಳ್ಳಿಯೂ ನಿಧಿಯ ಬೆಳ್ಳಿಯೂ ಬೆರೆಯುವ ಅಪಾಯವಿದ್ದೇ ಇದೆ. 1981ರಲ್ಲಿ ಕ್ಯಾಥ್ಲೀನ್ ಶೆಲ್ಟನ್ ಎಂಬ ವಿದುಷಿಯು ನಿಧಿಯ ಸಮಗ್ರ ವಿವರಣೆಯನ್ನು ಪ್ರಕಟಿಸಿದಾಗ, ಹಳೆಯ ಪಟ್ಟಿಗಳೊಡನೆ ತಾಳೆನೋಡಿ, ನಿಧಿಗೆ ಸೇರಿದುವೆಂದು ಎಣಿಸಲ್ಪಟ್ಟಿದ್ದ ವಸ್ತುಗಳಲ್ಲಿ ಹಲವನ್ನು ಹೊರಗಿಟ್ಟಳು. ಈ ಕೆಲಸಕ್ಕೆ ಸಲ್ಲಬೇಕಾದ ಮೆಚ್ಚುಗೆ, ಆಮೇಲೆ ಎದ್ದ ಕಾಲನಿರ್ಣಯದ ಗದ್ದಲದಲ್ಲಿ ಸಾಕಷ್ಟು ಸಂದಂತಿಲ್ಲ.

ಆ ಗದ್ದಲದ ಮೂಲ ಹೀಗಿದೆ. ಶೆಲ್ಟನ್ ಶೈಲಿಯನ್ನು ಆಧರಿಸಿ ಬೆಳ್ಳಿಯನ್ನು ಸುಮಾರು 330ರಿಂದ 370ರ ಒಳಗೆ ಇಟ್ಟಳು. 1985ರಲ್ಲಿ ಆಲನ್ ಕ್ಯಾಮೆರನ್ ಇದನ್ನು ವಿರೋಧಿಸಿ, ದಮಾಸಸ್ ಪೋಪನು ಬರೆದ ಶಿಲಾಪದ್ಯವೊಂದನ್ನು ಮುಂದಿಟ್ಟನು. ಅದು ಪ್ರೊಯೆಕ್ತೆ ಎಂಬವಳ ಚರಮಪದ್ಯ. ಫ್ಲೋರಸ್ಸನ ಮಗಳಾದ ಅವಳು 16 ವರ್ಷ 9 ತಿಂಗಳು 25 ದಿನ ಬದುಕಿ, 383ನೆಯ ಇಸವಿಯ ಡಿಸೆಂಬರ್ 30ರಂದು ಸಮಾಧಿಗೊಂಡಳು. ಇವಳೇ ಕರಂಡದ ಪ್ರೊಯೆಕ್ತೆಯಾದರೆ ಬೆಳ್ಳಿಯ ಕಾಲ 380ರ ಆಸುಪಾಸು. ಆ ಸಿರಿಯನ್ನು ಅವಳು ಅನುಭವಿಸಿದುದು ಕೆಲವೇ ವರ್ಷ. ಆದರೆ ಪದ್ಯದಲ್ಲಿ ಅವಳ ಗಂಡನನ್ನು ಹೇಳುವೆಡೆ ‘ಪ್ರಿಮೋ’ ಎಂಬ ಮಾತಿದೆ. ಅದು ಪ್ರಿಮಸ್ ಎಂಬ ಹೆಸರಾದರೆ ಅವನು ಸೆಕುಂದಸ್ ಆಗಲಾರನು, ಹೊಂದಾಣಿಕೆ ಮುರಿಯಿತು. ಅದು ‘ಮೊದಲನೆಯ’ ಎಂಬ ಸಾಮಾನ್ಯಾರ್ಥದ ಪದವಾದರೆ ಬಾಗಿಲು ತೆರೆದೇ ಇದೆ. ಒಂದೇ ಪದದ ಮೇಲೆ ಒಂದು ನಿಧಿಯ ಕಾಲ ನಿಂತಿರುವುದು ಸಾಹಿತ್ಯವನ್ನು ಪಾಠಹೇಳುವವರು ಗಮನಿಸತಕ್ಕ ವಿಷಯ.

ತುರ್ಕಿಯಸ್ ಮನೆತನದ ಹೆಸರುಗಳೂ ಇಲ್ಲಿ ನೆರವಾಗವು. ಆ ವಂಶದ ಅಪ್ರೋನಿಯಾನಸ್ ಎಂಬವನು 339ರಲ್ಲಿ ರೋಮ್ ನಗರದ ಅಧಿಪತಿಯಾಗಿದ್ದನು. ಅದೇ ಹೆಸರಿನ ಮಗನು 362ರಿಂದ 364ರ ವರೆಗೆ ಅದೇ ಪದವಿಯಲ್ಲಿದ್ದನು. 494ರಲ್ಲಿಯೂ ಆ ಹೆಸರಿನ ಕಾನ್ಸಲನೊಬ್ಬನಿದ್ದು, ಫ್ಲಾರೆನ್ಸಿನಲ್ಲಿರುವ ವರ್ಜಿಲನ ಪ್ರಸಿದ್ಧ ಹಸ್ತಪ್ರತಿಯನ್ನು ತಿದ್ದಿದವನು ಅವನೇ. ತಲೆತಲಾಂತರವಾಗಿ ಮರುಕಳಿಸುವ ಹೆಸರುಗಳಿಂದ ಇಪ್ಪತ್ತು ಮೂವತ್ತು ವರ್ಷಗಳ ಅಂತರವನ್ನು ಅಳೆಯಲಾಗದು. ಶೈಲಿಯಿಂದಲೂ ಅಳೆಯಲಾಗದು, ಬೆಳ್ಳಿಯ ಕೆಲಸದವರು ಹಳೆಯ ಮಾದರಿಗಳನ್ನು ಬಿಡಲೊಲ್ಲದವರು. ಉಳಿಯುವುದು ಹೆಣ್ಣಿನ ಹೆಸರು. ‘ಬಿಸುಡಲ್ಪಟ್ಟವಳು’ ಎಂಬರ್ಥದ ಪ್ರೊಯೆಕ್ತೆ ಎಂಬ ಹೆಸರು ಆ ಕಾಲದ ಸಿರಿವಂತರಲ್ಲಿ ಸಾಮಾನ್ಯವಲ್ಲ. ಕ್ಯಾಮೆರನ್ನನ ಪಕ್ಷಕ್ಕೆ ಇದೇ ಬಲ. ಎರಡು ಕಡೆಯ ವಾದಗಳನ್ನೂ ತೂಗಿದರೆ ಅವನ ಮತವು ಸಂಭಾವ್ಯವೆನ್ನಬಹುದು, ಸಿದ್ಧವೆನ್ನಲಾಗದು. ಬಳಿಕ ಬಂದ ಕೆಲವು ಪುಸ್ತಕಗಳಲ್ಲಿ ಇವಳು ಅವಳೇ ಎಂದು ಸಂದೇಹದ ಸುಳಿವಿಲ್ಲದೆ ಬರೆದಿರುವುದು ಆತುರದ ಕೆಲಸ.

ಚರಮಪದ್ಯದಲ್ಲಿ ದಮಾಸಸ್ ಹೊಗಳಿರುವುದು ಆ ಬಾಲೆಯ ಸಹಜವಾದ ಚೆಲುವನ್ನೂ ಲಜ್ಜೆಯನ್ನೂ, ಅಲಂಕಾರದ ಮಾತಿಲ್ಲ. ಅವನ ವಿರೋಧಿಗಳು ಅವನನ್ನು ಕುಲಸ್ತ್ರೀಯರ ಕಿವಿಗುಗ್ಗೆಗೆ ಹೋಲಿಸಿ ಹಾಸ್ಯಮಾಡುತ್ತಿದ್ದರು. ಕಿವಿಗುಗ್ಗೆಯೂ ಪ್ರಸಾಧನಸಾಮಗ್ರಿಯೇ ಎಂಬುದನ್ನು ನೆನೆದರೆ ಹಾಸ್ಯದ ಮೊನೆ ತಿಳಿಯುವುದು. ಅವನ ಆಶ್ರಯದಲ್ಲಿದ್ದ ಜೆರೋಮನು 384ರಲ್ಲಿ ಮಾರ್ಸೆಲ್ಲಳಿಗೆ ಬರೆದ ಪತ್ರವೊಂದರಲ್ಲಿ ಬ್ಲೇಸಿಲ್ಲ ಎಂಬ ತರುಣವಿಧವೆಯ ಕಥೆಯಿದೆ. ಹಿಂದೆ ದಿನವೆಲ್ಲ ಕನ್ನಡಿಯ ಮುಂದೆ ಕುಳಿತು ತನಗೇನು ಕೊರತೆಯೆಂದು ಹುಡುಕುತ್ತಿದ್ದ ಇವಳು, ಜ್ವರದಿಂದ ಎದ್ದಮೇಲೆ ವೈರಾಗ್ಯವನ್ನು ಹಿಡಿದಳೆಂದು ಅವನು ಕೊಂಡಾಡುವನು. ಕೆಲವೇ ತಿಂಗಳುಗಳಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ಅವಳೂ ತೀರಿಕೊಂಡಳು. ಜೆರೋಮನ ಪತ್ರವನ್ನು ಮಾತ್ರ ಓದಿದವನಿಗೆ ಕ್ರೈಸ್ತ ಗೃಹಿಣಿಯೂ ಕನ್ನಡಿಯೂ ಒಂದೆಡೆ ಇರಲಾರವೆಂದು ತೋರಬಹುದು. ಅದೇ ನಗರದ ಬೆಳ್ಳಿಯ ಕರಂಡವು ಆ ಪತ್ರಕ್ಕೆ ಎದುರುಸಾಕ್ಷಿ.

ಇದಕ್ಕೆ ಹೋಲುವ ಇನ್ನೊಂದು ಕರಂಡವುಂಟು. ಸೆವ್ಸೋ ನಿಧಿಯೆಂದು ಹೆಸರಾದ ಹದಿನಾಲ್ಕು ಬೆಳ್ಳಿಯ ಪಾತ್ರೆಗಳಲ್ಲಿ ಒಂದು, ಗೃಹಿಣಿಯೊಬ್ಬಳ ಸ್ನಾನ ಮತ್ತು ಶೃಂಗಾರಗಳ ಚಿತ್ರವುಳ್ಳ ಪ್ರಸಾಧನಪಾತ್ರೆ. ಈ ನಿಧಿಯನ್ನು ಅಗೆದವರು ಅದನ್ನು ಗುಟ್ಟಾಗಿ ಮಾರಿದುದರಿಂದ, ಅದು ಎಲ್ಲಿಯದೆಂಬುದೇ ವ್ಯಾಜ್ಯವಾಯಿತು. 1990ರಲ್ಲಿ ಹರಾಜಿಗೆ ಬಂದಾಗ ಲೆಬನಾನ್, ಯುಗೋಸ್ಲಾವಿಯ, ಹಂಗೆರಿ ಮೂರೂ ತಮ್ಮದೆಂದುವು. 1993ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವು ಯಾರ ಹಕ್ಕೂ ಸ್ಥಾಪಿತವಾಗಲಿಲ್ಲವೆಂದು, ಕೈಯಲ್ಲಿದ್ದವನಿಗೇ ಬಿಟ್ಟಿತು. ಒಂದು ತಟ್ಟೆಯ ಮೇಲೆ ಪೆಲ್ಸೋ ಎಂದು ಬರೆದಿದ್ದು, ಅದು ಹಂಗೆರಿಯ ಬಾಲಟನ್ ಸರೋವರದ ಹಳೆಯ ಹೆಸರು. ಹಂಗೆರಿಯ ಸರ್ಕಾರವು 2014ರಲ್ಲಿ ಏಳನ್ನೂ 2017ರಲ್ಲಿ ಉಳಿದ ಏಳನ್ನೂ ಹಣ ಕೊಟ್ಟು ಪಡೆಯಿತು. ತಟ್ಟೆಯ ಬರಹದಿಂದ ಸೆವ್ಸೋ ಎಂಬ ಯಜಮಾನನ ಹೆಸರು ತಿಳಿದಿದೆ. ಪ್ರಸಾಧನಪಾತ್ರೆಯ ಮೇಲೆ ದಾಸಿಯರ ನಡುವೆ ಕುಳಿತಿರುವ ಹೆಂಗಸಿನ ಹೆಸರು ಎಲ್ಲಿಯೂ ಬರೆದಿಲ್ಲ.