ಹಾಲಿ, ಕಲ್ದಾರ ಮತ್ತು ನಾಣ್ಯದ ನಂಬಿಕೆ

(ಬಾನುಲಿ ಭಾಷಣ)

ಹಣದ ಬೆಲೆ ಕುಗ್ಗದಂತೆ ಕಾಯುವುದು ಹೇಗೆ, ಮಾರುಕಟ್ಟೆಗೆ ಎಷ್ಟು ಸ್ವಾತಂತ್ರ್ಯವಿರಬೇಕು ಎಂಬ ವಿಷಯಗಳ ಮೇಲೆ ವಿದ್ಯಾರ್ಥಿಗಳಿಂದ ಪ್ರಬಂಧ ಬರೆಯಿಸುವ ವಾಡಿಕೆ ನಮ್ಮ ದೇಶಕ್ಕೆ ಹೊಸದಲ್ಲ. 1956ರಲ್ಲಿ ಎ. ಡಿ. ಶ್ರಾಫರು ಮುಂಬಯಿಯಲ್ಲಿ ಸ್ಥಾಪಿಸಿದ ಫೋರಂ ಆಫ್ ಫ್ರೀ ಎಂಟರ್‌ಪ್ರೈಸ್ ಸಂಸ್ಥೆ ಇಂಥ ಸ್ಪರ್ಧೆಗಳನ್ನು ನಡೆಸಿತು. ನಮ್ಮ ಕಡೆಯ ಕಾಲೇಜುಗಳಲ್ಲಿ ಚಿಕ್ಕ ಪ್ರಮಾಣದಲ್ಲಿ ಇವು ನಡೆದಾಗ ಬರಹಗಳನ್ನು ಪರಿಶೀಲಿಸುವ ಕೆಲಸ ಕನ್ನಡದ ಅಧ್ಯಾಪಕನಾದ ನನಗೂ ಬಂದದ್ದುಂಟು. ಆಡಂ ಸ್ಮಿತ್, ಇಂಗ್ಲೆಂಡಿನ ಸ್ವರ್ಣಮಾನ, ಮೊದಲ ಮಹಾಯುದ್ಧದ ಬಳಿಕ ಜರ್ಮನಿ ಕಂಡ ಹಣದುಬ್ಬರ, ಎಲ್ಲವೂ ಅಲ್ಲಿರುತ್ತಿದ್ದವು. ಬಸವಕಲ್ಯಾಣ, ಹುಮನಾಬಾದುಗಳು ಮಾತ್ರ ಇರುತ್ತಿರಲಿಲ್ಲ.

ಒಂದನೆಯ ಸೋಮೇಶ್ವರನ ಕಾಲಕ್ಕೆ, 11ನೆಯ ಶತಮಾನದಲ್ಲಿ, ಕಲ್ಯಾಣವು ಚಾಳುಕ್ಯರ ರಾಜಧಾನಿಯಾಯಿತು. ಆ ಕಾಲದ ಶಾಸನಗಳನ್ನು ಓದಿದವರಿಗೆ ಗದ್ಯಾಣ, ಪಣ, ಹಾಗ, ವೀಸ ಎಂಬ ಮಾತುಗಳು ಪರಿಚಿತ. ಕೆಲವೆಡೆ 'ಲೊಕ್ಕಿಗದ್ಯಾಣ'ವೆಂದೇ ಹೇಳಿರುತ್ತದೆ. ಲೊಕ್ಕಿಗುಂಡಿಯ, ಎಂದರೆ ಇಂದಿನ ಲಕ್ಕುಂಡಿಯ, ಟಂಕಸಾಲೆಯದು ಎಂದರ್ಥ. ದಾನಶಾಸನದಲ್ಲಿ ಟಂಕಸಾಲೆಯ ಹೆಸರೇಕೆ? ದತ್ತಿ ಆಚಂದ್ರಾರ್ಕವಾಗಿ ನಡೆಯಬೇಕಾದರೆ ನಾಣ್ಯದ ತೂಕಕ್ಕೂ ಬಣ್ಣಕ್ಕೂ ಹೊಣೆ ಯಾರದೆಂಬುದು ತಿಳಿದಿರಬೇಕಷ್ಟೆ. ಐಹೊಳೆಯ ಐನೂರ್ವರೆಂಬ ವರ್ತಕರು ನಾಡುನಾಡುಗಳಲ್ಲಿ ವ್ಯಾಪಾರ ಮಾಡಿದವರು. ಹೇರಿಗೆ ಇಷ್ಟೆಂದು ತಮ್ಮ ಮೇಲೆ ತಾವೇ ಸುಂಕ ಹೊರಿಸಿಕೊಂಡು ದೇವಾಲಯಗಳಿಗೆ ಬಿಟ್ಟವರು. ಅವರ ಮುಕ್ತ ವ್ಯಾಪಾರಕ್ಕೆ ಹೊಣೆಯೆಂಬುದೂ ಇತ್ತು.

ಮುಂದೆ ಈ ನೆಲ ನಿಜಾಮರ ಆಳ್ವಿಕೆಗೆ ಬಂದಿತು. ಹೈದರಾಬಾದು ಸಂಸ್ಥಾನದ ಸ್ವಂತ ನಾಣ್ಯಕ್ಕೆ 'ಹಾಲಿ ಸಿಕ್ಕಾ' ಎಂದು ಹೆಸರು. ಬ್ರಿಟಿಷರ ರೂಪಾಯಿಗೆ 'ಕಲ್ದಾರ'. 1918ರ ಕಾಯಿದೆಯಂತೆ ಸಂಸ್ಥಾನ ಕಾಗದದ ನೋಟನ್ನೂ ಹೊರಡಿಸಿತು. ಅದರ ಮೇಲೆ ಉರ್ದುವಿನ ಜೊತೆಗೆ ಮರಾಠಿ, ತೆಲುಗು, ಕನ್ನಡಗಳಲ್ಲಿಯೂ ಮೌಲ್ಯ ಅಚ್ಚಾಗಿರುತ್ತಿತ್ತು. ಹುಮನಾಬಾದು ಹೈದರಾಬಾದು-ಸೊಲ್ಲಾಪುರಗಳ ಹೆದ್ದಾರಿಯ ಊರು. ಸೊಲ್ಲಾಪುರ ಬ್ರಿಟಿಷರದು. ಆ ಪೇಟೆಗೆ ಹೋದ ರೈತನ ಚೀಲದಲ್ಲಿ ಹಾಲಿ, ಅಲ್ಲಿನ ವರ್ತಕನ ಗಲ್ಲೆಯಲ್ಲಿ ಕಲ್ದಾರ. ನಡುವೆ ವಟ್ಟ ಹಿಡಿಯುವ ಸರಾಫ.

1948ರಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. 1950ರಲ್ಲಿ ಭಾರತದ ರೂಪಾಯಿ ಇಲ್ಲಿಯೂ ಚಲಾವಣೆಗೆ ಬಂದಾಗ 7 ಹಾಲಿಗೆ 6 ರೂಪಾಯಿ ಎಂಬ ದರವಿತ್ತು. 1951ರಲ್ಲಿ ಹಾಲಿಯ ಬಿಡುಗಡೆ ನಿಂತಿತು. ಆದರೂ 1959ರವರೆಗೆ ಅದರ ಮಾನ್ಯತೆ ಉಳಿಯಿತು. ಈ ನಡುವೆ 1956ರಲ್ಲಿ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1957ರ ಏಪ್ರಿಲಿನಲ್ಲಿ ಆಣೆಗಳು ಹೋಗಿ ನಯೇ ಪೈಸೆ ಬಂದಿತು. ಒಂದು ಹಾಲಿ ರೂಪಾಯಿಗೆ ಎಷ್ಟು ನಯೇ ಪೈಸೆ? 86ಕ್ಕೆ ತುಸು ಕಡಮೆ. ಲೆಕ್ಕ ಸಮವಾಗಿ ಮುಗಿಯುವುದಿಲ್ಲ. ಕೊನೆಗೆ ಉಳಿಯುವ ಚೂರು ಯಾರ ಪಾಲಿಗೆ? ಲೆಕ್ಕ ಬಲ್ಲವನ ಪಾಲಿಗೆ. ಸರಕಾರದ ದರ ನ್ಯಾಯವಾಗಿಯೇ ಇರಬಹುದು. ಆದರೆ 70 ಹಾಲಿ ಕೂಡಿಟ್ಟ ಮುದುಕಿಗೆ 60 ರೂಪಾಯಿ ಎಣಿಸಿಕೊಟ್ಟು, ಏನೂ ಕಳೆದಿಲ್ಲವೆಂದು ನಂಬಿಸುವುದು ಸುಲಭವೆ? ಗಡುವಿನ ಸುದ್ದಿ ತಿಳಿಯದೆ ಗಡಿಗೆಯಲ್ಲಿ ನೋಟು ಉಳಿಸಿಕೊಂಡವರ ಪಾಡನ್ನು ಹೇಳಬೇಕಿಲ್ಲ.

ಇದೇ ಕಾಲದಲ್ಲಿ ಇನ್ನೊಬ್ಬರು ಇದೇ ಮುದುಕಿಯ ಗಂಟಿನ ಬಗೆಗೆ ಯೋಚಿಸುತ್ತಿದ್ದರು. ಅವರು ಬಿ. ಆರ್. ಶೆಣೈ, ಅಂದು ದಕ್ಷಿಣ ಕನ್ನಡಕ್ಕೆ ಸೇರಿದ್ದು ಇಂದು ಕಾಸರಗೋಡು ಜಿಲ್ಲೆಯಲ್ಲಿರುವ ಬೆಳ್ಳಿಕೋತಿನಲ್ಲಿ 1905ರಲ್ಲಿ ಹುಟ್ಟಿದವರು. ಎರಡನೆಯ ಪಂಚವಾರ್ಷಿಕ ಯೋಜನೆಯ ಅರ್ಥಶಾಸ್ತ್ರಜ್ಞರ ಮಂಡಲಿಯಲ್ಲಿ, 1955ರಲ್ಲಿ, ಭಿನ್ನಮತದ ಟಿಪ್ಪಣಿ ಬರೆದವರು ಅವರೊಬ್ಬರೇ. ಕೊನೆಗೆ 4800 ಕೋಟಿ ರೂಪಾಯಿಯ ಆ ಯೋಜನೆಯಲ್ಲಿ 1200 ಕೋಟಿಯನ್ನು ಕೊರತೆಯ ಹಣಕಾಸಿನಿಂದ ತುಂಬಿಸುವುದೆಂದಾಯಿತು. ಉಳಿತಾಯಕ್ಕೆ ಮೀರಿ ಹಣ ಹೊರಡಿಸಿದರೆ ಬೆಲೆಗಳೇರಿ ಬಡವನಿಗೇ ಪೆಟ್ಟು ಬೀಳುವುದೆಂಬುದು ಶೆಣೈಯವರ ಎಚ್ಚರಿಕೆ. ಅವರ ಮಾರುಕಟ್ಟೆಯ ಶ್ರದ್ಧೆಯನ್ನು ಪೂರ್ತಿ ಒಪ್ಪದವರೂ ಈ ಮಾತನ್ನು ತೆಗೆದುಹಾಕಲಾರರು.

ಸ್ಪರ್ಧೆ ಏರ್ಪಡಿಸುವವರಲ್ಲಿ ನನ್ನದೊಂದು ಬಿನ್ನಹ. 'ಸುಭದ್ರ ನಾಣ್ಯ' ಎಂಬ ವಿಷಯ ಕೊಡುವಾಗ, ನಿಮ್ಮ ಮನೆಯ ಹಿರಿಯರಿಗೆ ಹಾಲಿಯ ನೆನಪಿದೆಯೆ, ಕೇಳಿ ಬರೆಯಿರಿ ಎಂಬ ಒಂದು ಸಾಲನ್ನೂ ಸೇರಿಸಲಿ. ಆ ಎಣಿಕೆಯನ್ನು ಬಲ್ಲವರು ಈಗ ಬಹಳ ಮಂದಿ ಉಳಿದಿಲ್ಲ.