ಅಮ್ಮೆಂಬಳ ಸುಬ್ಬರಾವ್ ಪೈ: ವಕೀಲರು ಕಟ್ಟಿದ ಬ್ಯಾಂಕ್
ಕೆನರಾ ಬ್ಯಾಂಕಿನ ಸ್ಥಾಪಕ ಅಮ್ಮೆಂಬಳ ಸುಬ್ಬರಾವ್ ಪೈ (1852-1909) ಮಂಗಳೂರಿನ ವಕೀಲರು, ಶಿಕ್ಷಣ ಪ್ರೇಮಿ. ಬ್ಯಾಂಕ್ ಸ್ಥಾಪಿಸುವವರು ಕುಬೇರರೇ ಆಗಿರಬೇಕೆಂಬ ಕಲ್ಪನೆ ಸಾಮಾನ್ಯ. ಪೈಗಳು ಸಾಹುಕಾರರೂ ಅಲ್ಲ, ಉದ್ಯಮಿಯೂ ಅಲ್ಲ. ನ್ಯೂಯಾರ್ಕಿನ ಜೆ.ಪಿ. ಮಾರ್ಗನ್ 1907ರ ಹಣಕಾಸು ಬಿಕ್ಕಟ್ಟನ್ನು ಧನಬಲದಿಂದ ಎದುರಿಸಿದ ಕಾಲದಲ್ಲಿ, ಪೈಗಳ ಬಳಿಯಿದ್ದ ಬಂಡವಾಳವೆಂದರೆ ಊರಿನವರ ನಂಬಿಕೆ.

1852ರ ನವೆಂಬರ್ 19ರಂದು ಮೂಲ್ಕಿಯಲ್ಲಿ ಜನಿಸಿದ ಅವರು, ಮುನ್ಸಿಫ್ ನ್ಯಾಯಾಲಯದ ವಕೀಲರಾಗಿದ್ದ ಉಪೇಂದ್ರ ಪೈಯವರ ಪುತ್ರ. ಮದರಾಸಿನಲ್ಲಿ ಕಾನೂನು ವ್ಯಾಸಂಗ ಮುಗಿಸಿ 1876ರಲ್ಲಿ ಮಂಗಳೂರಿಗೆ ಮರಳಿ ವಕೀಲಿ ವೃತ್ತಿ ಆರಂಭಿಸಿದರು.

ಬ್ಯಾಂಕಿಗಿಂತ ಮೊದಲು ಅವರ ಗಮನ ಹರಿದದ್ದು ಶಾಲೆಯತ್ತ. ನಗರದಲ್ಲಿ ಬಾಸೆಲ್ ಮಿಷನ್ ಹಾಗೂ ಜೆಸ್ಯುಯಿಟ್ ಪಾದ್ರಿಗಳ ವಿದ್ಯಾಸಂಸ್ಥೆಗಳು ಆಗಲೇ ನಡೆಯುತ್ತಿದ್ದವು. 1891ರಲ್ಲಿ ಪೈಗಳು ಕೆನರಾ ಹೈಸ್ಕೂಲನ್ನು ಸ್ಥಾಪಿಸಿದರು. ಮೂರೇ ವರ್ಷಗಳಲ್ಲಿ, 1894ರಲ್ಲಿ, ಬಾಲಕಿಯರಿಗಾಗಿಯೇ ಪ್ರತ್ಯೇಕ ಶಾಲೆ ತೆರೆದರು. ಹೆಣ್ಣುಮಕ್ಕಳ ಓದಿಗೆ ಮನೆಗಳಲ್ಲೇ ವಿರೋಧವಿದ್ದ ಆ ದಿನಗಳಲ್ಲಿ ಇದು ಹೈಸ್ಕೂಲಿಗಿಂತಲೂ ದಿಟ್ಟ ಹೆಜ್ಜೆ. ಇದಕ್ಕಾಗಿ ಮನೆಮನೆಯಿಂದ ಮುಷ್ಟಿ ಅಕ್ಕಿ ಸಂಗ್ರಹಿಸಲಾಯಿತೆಂಬ ಮಾತು ಕರಾವಳಿಯಲ್ಲಿ ಪ್ರಚಲಿತ.

1906ರ ಜುಲೈ 1ರಂದು 'ಕೆನರಾ ಹಿಂದೂ ಪರ್ಮನೆಂಟ್ ಫಂಡ್' ಅಸ್ತಿತ್ವಕ್ಕೆ ಬಂತು. ತಲಾ 50 ರೂ. ಮುಖಬೆಲೆಯ 2,000 ಷೇರುಗಳು, ನಾಲ್ವರು ಸಿಬ್ಬಂದಿ. ಐವತ್ತು ರೂಪಾಯಿ ಅಂದು ಕೂಲಿಕಾರನ ಕೈಗೆಟಕುವ ಮೊತ್ತವೇನಲ್ಲ. ಷೇರು ಕೊಳ್ಳುವ ಶಕ್ತಿಯಿದ್ದದ್ದು ವರ್ತಕರು, ವಕೀಲರು, ಜಮೀನುದಾರರಂಥವರಿಗೆ. ಆದರೆ ಲೇವಾದೇವಿಗಾರರ ದುಬಾರಿ ಬಡ್ಡಿಗೆ ಪರ್ಯಾಯವೊಂದು ದೊರೆಯಿತು. ಉಳಿತಾಯದ ಅಭ್ಯಾಸ ಬೆಳೆಸುವುದು, ಶಿಕ್ಷಣ ಹರಡುವುದು, ಮೂಢನಂಬಿಕೆ ತೊಲಗಿಸುವುದು ಫಂಡಿನ ಧ್ಯೇಯಗಳಾಗಿದ್ದವು. ಹಣಕಾಸು ಸಂಸ್ಥೆಯೊಂದು ಮೂಢನಂಬಿಕೆಯ ಗೊಡವೆಗೆ ಹೋದದ್ದು ವಿಶೇಷವೇ.

ಮದರಾಸಿನ ಅರ್ಬತ್‌ನಾಟ್ ಕಂಪೆನಿಯ ದಿವಾಳಿಯೇ ಈ ಫಂಡಿನ ಹುಟ್ಟಿಗೆ ಕಾರಣವೆಂದು ಹೇಳುವುದುಂಟು. ದಿನಾಂಕಗಳು ಇದಕ್ಕೆ ಹೊಂದುವುದಿಲ್ಲ. ಆ ಕಂಪೆನಿ ಮುಳುಗಿದ್ದು 1906ರ ಅಕ್ಟೋಬರಿನಲ್ಲಿ, ಅಂದರೆ ಫಂಡ್ ಆರಂಭವಾಗಿ ಮೂರೂವರೆ ತಿಂಗಳ ಬಳಿಕ. ಸಾವಿರಾರು ಠೇವಣಿದಾರರ ಹಣ ಕೊಚ್ಚಿಹೋಗಿ, ಸರ್ ಜಾರ್ಜ್ ಅರ್ಬತ್‌ನಾಟ್ ಸೆರೆಮನೆ ಸೇರಿದರು. ಪ್ರೆಸಿಡೆನ್ಸಿಯ ಪ್ರತಿಷ್ಠಿತ ಸಂಸ್ಥೆಯೇ ಕುಸಿದ ಹೊತ್ತಿನಲ್ಲಿ ಮಂಗಳೂರಿನ ಪುಟ್ಟ ಫಂಡ್ ಉಳಿದುಕೊಂಡದ್ದೇ ಹೆಚ್ಚು ಗಮನಾರ್ಹ.

ಸಂಸ್ಥೆಯ ಬೆಳವಣಿಗೆಯನ್ನು ಕಾಣುವ ಅವಕಾಶ ಸ್ಥಾಪಕರಿಗೆ ಹೆಚ್ಚು ಕಾಲ ಸಿಗಲಿಲ್ಲ. 1909ರ ಜುಲೈ 25ರಂದು, 56ನೇ ವಯಸ್ಸಿನಲ್ಲಿ ಪೈಗಳು ನಿಧನರಾದರು. ಮರುವರ್ಷ ಫಂಡ್ 'ಕೆನರಾ ಬ್ಯಾಂಕ್ ಲಿಮಿಟೆಡ್' ಆಯಿತು. ಹೆಸರಿನಲ್ಲಿದ್ದ 'ಹಿಂದೂ' ಪದವೂ ಕಳಚಿತು. 1969ರಲ್ಲಿ ಬ್ಯಾಂಕ್ ರಾಷ್ಟ್ರೀಕರಣಗೊಂಡಿತು.

ಫಂಡ್ ಹುಟ್ಟಿದ ವರ್ಷವೇ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆಯನ್ನು ಆರಂಭಿಸಿದ್ದರು. ಕರ್ಣಾಟಕ ಬ್ಯಾಂಕ್ (1924), ಸಿಂಡಿಕೇಟ್ (1925), ವಿಜಯಾ (1931) ಅನಂತರ ಬಂದವು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ, ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕಿನೊಳಗೆ ವಿಲೀನವಾದವು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಸೇರಿದ್ದು ಪೈಗಳ ಕೆನರಾ ಬ್ಯಾಂಕನ್ನೇ. ಅದರ ಪ್ರಧಾನ ಕಚೇರಿ ಈಗ ಬೆಂಗಳೂರಿನಲ್ಲಿದೆ. ಈ ಐದರ ಪೈಕಿ ಮಂಗಳೂರಿನಲ್ಲಿ ಪ್ರಧಾನ ಕಚೇರಿ ಉಳಿಸಿಕೊಂಡಿರುವುದು ಕರ್ಣಾಟಕ ಬ್ಯಾಂಕ್ ಮಾತ್ರ.