ಅಕ್ಕರೆಗೂ ಒಂದು ಅಂಕೆ

ಕಾಡಿನ ಪ್ರಾಣಿಯನ್ನು ಜೀಪಿನಲ್ಲಿ ಕುಳಿತು ದೂರದಿಂದ ನೋಡಿ ಹಿಂದಿರುಗುವ ಪ್ರವಾಸಿಗೆ ಕಡಲಿನ ಪ್ರಾಣಿಯ ವಿಷಯದಲ್ಲಿ ಅಷ್ಟು ಸಾಲದು. ಅದರೊಡನೆ ನೀರಿಗಿಳಿಯಬೇಕು, ಪಕ್ಕದಲ್ಲೇ ಈಜಬೇಕು, ಸಾಧ್ಯವಾದರೆ ಮೈ ಸವರಬೇಕು. ಈ ಆಸೆಯೇ ಇಂದು ದೊಡ್ಡ ಉದ್ಯಮವಾಗಿದೆ. ಟೊಂಗಾದಲ್ಲಿ ತಿಮಿಂಗಿಲ, ಫಿಲಿಪ್ಪೀನ್ಸಿನಲ್ಲಿ ತಿಮಿಂಗಿಲ ಶಾರ್ಕ್, ಅಮೆರಿಕದ ಫ್ಲಾರಿಡಾದಲ್ಲಿ ಮ್ಯಾನಟೀ ಎಂಬ ಸಾಧುಪ್ರಾಣಿ. ಹೀಗೆ ಒಂದೊಂದು ಕಡಲಿಗೆ ಒಂದೊಂದು ಆಕರ್ಷಣೆ.

ಮನುಷ್ಯನ ಈ ಸಲಿಗೆ ಎಲ್ಲಿಂದ ಎಲ್ಲಿಗೆ ಬಂದಿತೆಂದು ತಿಳಿಯಲು ನ್ಯೂಜಿಲೆಂಡಿನ ಇತಿಹಾಸ ನೋಡಬೇಕು. ಡಾಲ್ಫಿನ್ ರಕ್ಷಣೆಗೆ ಆ ದೇಶ 1904ರಿಂದ ಕಾನೂನು ಮಾಡುತ್ತ ಬಂದಿದೆ. ಮೊದಲ ಕಾನೂನು ಹುಟ್ಟಿದ್ದು ಬಂದೂಕು ಹಿಡಿದವರಿಗೆ ಹೆದರಿ. ಇತ್ತೀಚಿನದು ಹುಟ್ಟಿದ್ದು ಪ್ರೀತಿಸುವವರಿಗೆ ಹೆದರಿ.

ಮೊದಲ ಕಾನೂನಿನ ಕಥಾನಾಯಕ ಪೆಲೋರಸ್ ಜ್ಯಾಕ್. ಸುಮಾರು ನಾಲ್ಕು ಮೀಟರ್ ಉದ್ದದ, ಬಿಳಿಚು ಮೈಬಣ್ಣದ ಈ ರಿಸ್ಸೋ ಡಾಲ್ಫಿನ್ 1888ರಿಂದ 1912ರವರೆಗೆ ವೆಲ್ಲಿಂಗ್ಟನ್-ನೆಲ್ಸನ್ ಮಾರ್ಗದ ಹಡಗುಗಳನ್ನು ಎದುರುಗೊಂಡು ಸ್ವಲ್ಪ ದೂರ ಜೊತೆಗೆ ಸಾಗುತ್ತಿತ್ತು. ಪ್ರಯಾಣಿಕರು ಅಟ್ಟದ ಮೇಲೆ ಬಂದು ಕಾದು ನಿಲ್ಲುತ್ತಿದ್ದರು. ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಪಾಲಿಗೆ ಅದು ದೋಣಿಗಳಿಗೆ ದಾರಿ ತೋರುವ ತುಹಿರಂಗಿ ಎಂಬ ಜಲದೈವ. ಯಾರೋ ಪ್ರಯಾಣಿಕ ಅದರ ಮೇಲೆ ಗುಂಡು ಹಾರಿಸಿದನೆಂಬ ಸುದ್ದಿ ಹಬ್ಬಿ ಜನ ಕೆರಳಿದರು. 1904ರ ಸೆಪ್ಟೆಂಬರಿನಲ್ಲಿ ಸರಕಾರ ಆ ಜಾತಿಯ ಡಾಲ್ಫಿನ್ ಹಿಡಿಯುವುದನ್ನು ಆ ನೀರಿನಲ್ಲಿ ನಿಷೇಧಿಸಿ ಆಜ್ಞೆ ಹೊರಡಿಸಿತು. ತಪ್ಪಿದವರಿಗೆ 5ರಿಂದ 100 ಪೌಂಡ್ ದಂಡ. ಒಂದೇ ಒಂದು ಕಡಲಪ್ರಾಣಿಗಾಗಿ ಸರಕಾರವೊಂದು ಹೀಗೆ ಕಾನೂನು ಮಾಡಿದ್ದು ಅಪರೂಪದ ಸಂಗತಿ. ಆದರೆ ಜ್ಯಾಕ್ ಜೊತೆ ಯಾರೂ ನೀರಿಗಿಳಿಯಲಿಲ್ಲ. ನೋಟ ಹಡಗಿನ ಮೇಲೆ, ಆಟ ನೀರಿನಲ್ಲಿ.

ಆ ಅಂತರ ಅಳಿದದ್ದು ಅರ್ಧ ಶತಮಾನದ ನಂತರ. 1955ರಲ್ಲಿ ಉತ್ತರ ದ್ವೀಪದ ಹೊಕಿಯಾಂಗಾ ಅಳಿವೆಗೆ ಎಳೆಯ ಡಾಲ್ಫಿನ್ ಒಂದು ಬಂದು ದೋಣಿಗಳ ಬೆನ್ನು ಹತ್ತತೊಡಗಿತು. ಒಪೊನೊನಿ ಎಂಬ ಪುಟ್ಟ ಊರಿನ ದಡದಲ್ಲಿ ಸ್ನಾನಕ್ಕಿಳಿದ ಮಕ್ಕಳ ನಡುವೆ ಚೆಂಡಾಡಿತು. ಹದಿಮೂರು ವರ್ಷದ ಹುಡುಗಿಯೊಬ್ಬಳಿಗಂತೂ ಗೆಳತಿಯೇ ಆಯಿತು. ಊರಿನ ಹೆಸರಿನಿಂದಲೇ ಅದಕ್ಕೆ ಒಪೊ ಎಂದು ಹೆಸರಾಯಿತು. ಡಿಸೆಂಬರಿನಲ್ಲಿ ಅಲ್ಲಿ ಬೇಸಿಗೆ ರಜೆ. ಪತ್ರಿಕೆಗಳಲ್ಲಿ ಚಿತ್ರ ಕಂಡ ಜನ ಸಾವಿರಗಟ್ಟಲೆ ಬಂದರು. ಮುಟ್ಟುವ ಕೈಗಳ ನಡುವೆ ಹಿಡಿದೆಳೆಯುವ ಕೈಗಳೂ ಇದ್ದವು. ಕಳವಳಗೊಂಡ ಊರಿನವರು ರಕ್ಷಣಾ ಸಮಿತಿ ಕಟ್ಟಿ ಕಾನೂನಿಗಾಗಿ ಸರಕಾರದ ಬಾಗಿಲು ತಟ್ಟಿದರು.

1956ರ ಮಾರ್ಚ್ 8ರಂದು ಆ ನಿಯಮ ಬಂತು. ಮರುದಿನವೇ ಒಪೊ ಬಂಡೆಗಳ ಸಂದಿನಲ್ಲಿ ಸತ್ತು ಬಿದ್ದಿತ್ತು. ಇಳಿತದ ನೀರಿನಲ್ಲಿ ಸಿಕ್ಕಿಬಿತ್ತೋ, ಮೀನಿಗಾಗಿ ಯಾರೋ ಸಿಡಿಸಿದ ಮದ್ದಿಗೆ ಬಲಿಯಾಯಿತೋ, ಇಂದಿಗೂ ಇತ್ಯರ್ಥವಾಗಿಲ್ಲ. ಅದು ಹೆಣ್ಣೆಂದು ತಿಳಿದದ್ದೂ ಸತ್ತ ಮೇಲೆಯೇ. ಊರವರು ಅದನ್ನು ಸಕಲ ಗೌರವದಿಂದ ಮಣ್ಣು ಮಾಡಿದರು.

ಒಪೊ ತಾನಾಗಿ ಜನರ ಬಳಿ ಬಂದಿತ್ತು. ಮುಂದಿನ ಕಾಲದಲ್ಲಿ ಜನವೇ ಡಾಲ್ಫಿನ್ ಇದ್ದಲ್ಲಿಗೆ ಹೋದರು. ತೊಂಬತ್ತರ ದಶಕದ ಹೊತ್ತಿಗೆ ಹೊಕಿಯಾಂಗಾಕ್ಕೆ ದೂರವಲ್ಲದ, ಪೂರ್ವ ಕರಾವಳಿಯ ಬೇ ಆಫ್ ಐಲೆಂಡ್ಸ್‌ನಲ್ಲಿ ಟಿಕೆಟ್ ಕೊಂಡು ಡಾಲ್ಫಿನ್ ಜೊತೆ ಈಜುವ ವ್ಯವಸ್ಥೆ ಬೆಳೆಯಿತು. 1992ರ ನಿಯಮಗಳು ಕಟ್ಟುನಿಟ್ಟಾಗಿದ್ದವು: ಹಿಂಡಿನ ಸುತ್ತ 300 ಮೀಟರಿನೊಳಗೆ ಮೂರಕ್ಕಿಂತ ಹೆಚ್ಚು ದೋಣಿ ಕೂಡದು, ಮರಿಗಳಿರುವ ಹಿಂಡಿನಲ್ಲಿ ಈಜಕೂಡದು.

ಹಾಗಿದ್ದರೂ ಕೇಡು ಹೇಗಾಯಿತು? ಡಾಲ್ಫಿನ್ ಉಸಿರಾಟಕ್ಕೆ ಆಗಾಗ ಮೇಲೆ ಬರಲೇಬೇಕು. ಆದ್ದರಿಂದ ಅದು ಮಿದುಳಿನ ಒಂದೊಂದು ಪಾಲಿಗೆ ಸರದಿಯಲ್ಲಿ ವಿಶ್ರಾಂತಿ ಕೊಟ್ಟು, ನಿಧಾನವಾಗಿ ಈಜುತ್ತಲೇ ದಣಿವಾರಿಸಿಕೊಳ್ಳುತ್ತದೆ. ಮರಿಗೆ ಹಾಲೂಡಿಸುವುದೂ ಈಜುತ್ತಲೇ, ಕೆಲವೇ ಕ್ಷಣಗಳಂತೆ ಮತ್ತೆ ಮತ್ತೆ. ದೋಣಿ ಹತ್ತಿರ ಬಂದರೆ ಈ ಎರಡಕ್ಕೂ ಭಂಗ. ಒಂದು ದೋಣಿ ನಿಯಮ ಪಾಲಿಸಿ ಹೊರಟುಹೋಗಬಹುದು. ಅದರ ಹಿಂದೆ ಇನ್ನೊಂದು ಬರುತ್ತದೆ. ತಪ್ಪು ಯಾರದೂ ಅಲ್ಲ, ನಷ್ಟ ಮಾತ್ರ ಡಾಲ್ಫಿನ್‌ನದು. ಆಕ್ಲೆಂಡ್ ವಿಶ್ವವಿದ್ಯಾಲಯದ ರೋಶೆಲ್ ಕಾನ್‌ಸ್ಟಂಟೈನ್ 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವರ್ಷಗಳು ಕಳೆದಂತೆ ಅಲ್ಲಿನ ಡಾಲ್ಫಿನ್‌ಗಳು ಈಜುಗಾರರಿಗೆ ಒಗ್ಗಿಕೊಳ್ಳಲಿಲ್ಲ, ಇನ್ನಷ್ಟು ತಪ್ಪಿಸಿಕೊಳ್ಳತೊಡಗಿದವು.

2019ರಲ್ಲಿ ಅಲ್ಲಿನ ಸಂರಕ್ಷಣಾ ಇಲಾಖೆ ಲೆಕ್ಕ ಮುಂದಿಟ್ಟಿತು. 1999ರಿಂದೀಚೆಗೆ ಕೊಲ್ಲಿಯಲ್ಲಿ ಡಾಲ್ಫಿನ್ ಸಂಖ್ಯೆ ಶೇ. 66ರಷ್ಟು ಕುಸಿದಿತ್ತು, ಆಗಾಗ ಬರುವವು ಉಳಿದದ್ದು 19, ನಾಲ್ಕು ಮರಿಗಳಲ್ಲಿ ಮೂರು ಸಾಯುತ್ತಿದ್ದವು. ಅದೇ ವರ್ಷ ಪ್ರವಾಸಿ ದೋಣಿಗಳ ಪರವಾನಗಿಯಿಂದ ಈಜು ಹೊರಬಿತ್ತು. 2021ರ ಡಿಸೆಂಬರಿನಲ್ಲಿ ಕೊಲ್ಲಿಯನ್ನು ಕಡಲ ಸಸ್ತನಿಗಳ ಅಭಯಧಾಮವೆಂದು ಘೋಷಿಸಿ, ದೋಣಿಗಳು 300 ಮೀಟರ್ ದೂರ ಉಳಿಯಬೇಕೆಂದು ವಿಧಿಸಲಾಯಿತು.

ನ್ಯೂಜಿಲೆಂಡ್ ಎಲ್ಲೆಡೆ ಈಜನ್ನು ನಿಲ್ಲಿಸಿಲ್ಲ. ದಕ್ಷಿಣ ದ್ವೀಪದ ಕೈಕೌರಾದಲ್ಲಿ ಡಸ್ಕಿ ಡಾಲ್ಫಿನ್‌ಗಳೊಡನೆ ಪರವಾನಗಿಯ ಈಜು ಮುಂದುವರಿದಿದೆ. ಅಲ್ಲಿನ ಹಿಂಡುಗಳು ದೊಡ್ಡವು. ಅವು ರಾತ್ರಿ ಆಳದಲ್ಲಿ ಮೇಯ್ದು ಹಗಲು ವಿರಮಿಸುವುದರಿಂದ, ಬೇಸಿಗೆಯ ಮಧ್ಯಾಹ್ನಗಳಲ್ಲಿ ದೋಣಿಗಳು ದೂರ ಉಳಿಯುವ ಪದ್ಧತಿಯಿದೆ. ಎಷ್ಟು ಹತ್ತಿರ ಹೋಗಬಹುದೆಂಬುದನ್ನು ಪ್ರವಾಸಿಯ ಆಸೆ ನಿರ್ಧರಿಸಬಾರದು, ಪ್ರಾಣಿಯ ದಿನಚರಿ ನಿರ್ಧರಿಸಬೇಕೆಂಬುದು ಇದರ ಅರ್ಥ.

ಗುಂಡು ಹಾರಿಸುವವನನ್ನು ತಡೆಯುವುದು ಸುಲಭ. ಅವನ ತಪ್ಪು ಎಲ್ಲರ ಕಣ್ಣಿಗೂ ಕಾಣುತ್ತದೆ. ಅಕ್ಕರೆಯಿಂದ ನೀರಿಗಿಳಿದವನನ್ನು ತಡೆಯುವುದು ಕಷ್ಟ. ಪೆಲೋರಸ್ ಜ್ಯಾಕ್‌ನನ್ನು ಹಡಗಿನ ಅಟ್ಟದಿಂದಲೇ ನೋಡಿ ತಣಿದವರಿಗೆ ಅದರ ಒಡನಾಟ ಇಪ್ಪತ್ತನಾಲ್ಕು ವರ್ಷ ದಕ್ಕಿತು. ಕೈಗೆಟುಕಿದ ಒಪೊ ದಕ್ಕಿದ್ದು ಒಂದು ವರ್ಷ ಚಿಲ್ಲರೆ.